ಮಾವನ ಕಾರಿನ ಟಕಟಕ

ಮದುವೆಯಾಗಿ ಸೊಲ್ಲಾಪುರಕ್ಕೆ ಬಂದ ಮೇಲೆ ಒಂದು ವರ್ಷ ಪೂರ್ತಿ ನಾನು ಮಾವನ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ಈಗ ಹೇಳಹೊರಟಿರುವುದು ಅವರ ಕಾರಿನ ಸುದ್ದಿ. ಆದರೆ ಸಿಟ್ಟಿನ ಸುದ್ದಿ ಮೊದಲು ಹೇಳದಿದ್ದರೆ ಕಾರಿನದು ಅರ್ಧವೇ ತಿಳಿಯುತ್ತದೆ.

ಮದುವೆಯಾದ ವರ್ಷ ನಾಗರಪಂಚಮಿ ಹಬ್ಬಕ್ಕೆ ನನ್ನನ್ನು ಕರೆದೊಯ್ಯಲು ನನ್ನ ತವರು ಕರಜಗಿಯಿಂದ ಅಣ್ಣ ಬಂದಿದ್ದ. ಅತ್ತೆ ತಮ್ಮ ತವರಿಗೆ ಹೋಗಿದ್ದರು. ನಮ್ಮವರು ನೂಲು ಖರೀದಿಗೆಂದು ಮುಂಬೈಗೆ ಹೋಗಿದ್ದರು. ಹೂಂ ಅನ್ನುವವರು, ಉಹೂಂ ಅನ್ನುವವರು ಮಾವ ಒಬ್ಬರೇ. ನಾನು ನಡುಮನೆಯ ಬಾಗಿಲಲ್ಲಿ ನಿಂತು, ಸೆರಗನ್ನು ಹಣೆಯ ಕೆಳಗೆ ಎಳೆದುಕೊಂಡು, ನೆಲ ನೋಡುತ್ತ, ಸೊಸೆಯಾದವಳು ಮಾವನ ಮುಂದೆ ಹೇಗೆ ಮಾತಾಡಬೇಕೆಂದು ನನ್ನ ತಾಯಿ ಕಲಿಸಿದ್ದಳೋ ಹಾಗೆ ಸಣ್ಣ ದನಿಯಲ್ಲಿ ಕೇಳಿದೆ: "ಮಾವಾರ, ಅಣ್ಣ ಬಂದಾನ. ಪಂಚಮಿಗೆ ಹೋಗಿ ಬರಲೇನ್ರಿ?" ಮಾವ ಒಂದು ಗಳಿಗೆ ನಿಂತರು. ಏನೂ ಹೇಳಲಿಲ್ಲ. ಹಿಂದಿನ ಬಾಗಿಲಿನಿಂದ ಮಗ್ಗದ ಶೆಡ್ಡಿಗೆ ನಡೆದುಬಿಟ್ಟರು.

ಅಣ್ಣ ಮೊದಲೇ ಸಂಕೋಚದ ಮನುಷ್ಯ. ಹೆಣ್ಣು ಕೊಟ್ಟ ಮನೆಯಲ್ಲಿ ಎರಡನೇ ಸಲ ಬಾಯಿ ತೆರೆಯುವ ಜಾತಿಯವನಲ್ಲ. ಸಂಜೆಯ ಎಸ್ಟಿ ಬಸ್ಸಿಗೆ ಒಬ್ಬನೇ ಹೊರಟುಹೋದ. ಬೇಡ ಎಂದು ಬಾಯಿಬಿಟ್ಟು ಹೇಳಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ. ನಾನು ಅಲ್ಲಿ ನಿಂತೇ ಇಲ್ಲವೇನೋ ಎಂಬಂತೆ ಹೋದರಲ್ಲ, ಅದು ಹೊಟ್ಟೆಯಲ್ಲಿ ಉಳಿದುಬಿಟ್ಟಿತು. ಅತ್ತೆ ಬಂದು ಯಾಕೆ ಹೋಗಲಿಲ್ಲ ಎಂದು ಕೇಳಿದಾಗ, ನನಗೇ ಮನಸ್ಸಿರಲಿಲ್ಲ ಎಂದೆ. ಅಷ್ಟು ಸೊಕ್ಕು ನನಗೂ ಇತ್ತು.

ಮನೆಯ ಹಿಂದೆಯೇ ಹನ್ನೆರಡು ಮಗ್ಗಗಳ ಶೆಡ್ಡು. ಚಾದರ ನೇಯುವ ಮಗ್ಗಗಳು. ಬೆಳಿಗ್ಗೆ ಕರೆಂಟು ಬಂದಾಗ ಶುರುವಾದ ಸದ್ದು ರಾತ್ರಿ ಊಟದ ಹೊತ್ತಿಗೆ ನಿಲ್ಲುತ್ತಿತ್ತು. ಬಂದ ಹೊಸದರಲ್ಲಿ ನನ್ನ ತಟ್ಟೆಯ ನೀರು ನಡುಗುವುದನ್ನು ನೋಡುತ್ತ ಕೂತಿರುತ್ತಿದ್ದೆ. ಮಾವ ಇಪ್ಪತ್ತೈದು ವರ್ಷ ಆ ಸದ್ದಿನ ಒಳಗೇ ಇದ್ದವರು. ಮಗ್ಗ ಕೆಟ್ಟರೆ ಬಿಚ್ಚಿ ನೋಡುವವರಲ್ಲ; ಕೈ ಆನಿಸಿ ನಿಂತು ಕಣ್ಣು ಮುಚ್ಚಿ ಇಂಥ ಕಡೆ ಸಡಿಲಾಗಿದೆ ಎನ್ನುವರು, ಅಲ್ಲೇ ಸಡಿಲಾಗಿರುತ್ತಿತ್ತು. ಓಣಿಯಲ್ಲಿ ಯಾರ ಮಗ್ಗ ಹಟ ಹಿಡಿದರೂ ಮಾವನನ್ನು ಕರೆಯಲು ಬರುತ್ತಿದ್ದರು. ಅವರ ಕಿವಿಯ ಬಗ್ಗೆ ಸಣ್ಣಪುಟ್ಟ ಪವಾಡದ ಕತೆಗಳೂ ಇದ್ದವು.

ಆ ಮಾವನಿಗೆ ಒಂದೇ ಒಂದು ಷೋಕಿ ಎಂದರೆ ಕಾರು. ಪೆಟ್ರೋಲು ಒಮ್ಮೆಲೇ ತುಟ್ಟಿಯಾಗಿ ಇದ್ದವರೂ ಕಾರು ಮಾರಿ ಹಗುರಾಗುತ್ತಿದ್ದ ಕಾಲದಲ್ಲಿ ಇವರು ಒಬ್ಬ ಡಾಕ್ಟರಿಂದ ಹಳೆಯ ಕಪ್ಪು ಕಾರು ಕೊಂಡುಕೊಂಡಿದ್ದರು. ಪ್ರತಿ ಗುರುವಾರ ಅತ್ತೆಯನ್ನು ಕೂರಿಸಿಕೊಂಡು ಅಕ್ಕಲಕೋಟೆಗೆ ಹೋಗಿ ದರ್ಶನ ಮಾಡಿಕೊಂಡು ಬರುವುದು, ಉಳಿದ ದಿನ ಕಾರನ್ನು ತಿಕ್ಕಿ ಒರೆಸುವುದು. ಅತ್ತೆ ಹಿಂದಿನ ಸೀಟಿನಲ್ಲಿ ಕೂರುತ್ತಿರಲಿಲ್ಲ. ಮುಂದೆ, ಮಾವನ ಪಕ್ಕದಲ್ಲೇ ಕೂರುತ್ತಿದ್ದರು. ಓಣಿಯ ಹೆಂಗಸರಿಗೆ ಇದು ದೊಡ್ಡ ಮಾತಾಗಿತ್ತು. ಎಂಥ ಗಟ್ಟಿಗಿತ್ತಿ ಎನ್ನುತ್ತಿದ್ದರು, ಬೆನ್ನ ಹಿಂದೆ ಬೇರೆಯೂ ಎನ್ನುತ್ತಿದ್ದರು.

ಎರಡನೇ ವರ್ಷದ ಪಂಚಮಿಗೆ ಇನ್ನು ಹತ್ತು ದಿನವಿತ್ತು. ಆ ಗುರುವಾರ ಅತ್ತೆ ನನ್ನನ್ನೂ ಅಕ್ಕಲಕೋಟೆಗೆ ಹೊರಡಿಸಿದರು. ನಾನು ಹಿಂದಿನ ಸೀಟಿನಲ್ಲಿ ಒಬ್ಬಳೇ, ಮಡಿಲಲ್ಲಿ ಹೂವು ಕಾಯಿಯ ಬುಟ್ಟಿ. ಓಣಿ ದಾಟಿ ಮಗ್ಗಗಳ ಸದ್ದು ಹಿಂದೆ ಬಿದ್ದ ಕೂಡಲೇ ನನ್ನ ಕಿವಿಗೆ ಇನ್ನೊಂದು ಸದ್ದು ಬಿತ್ತು. ಟಕ್ ಟಕ್ ಟಕ್ ಟಕ್. ಕಾರು ನಿಧಾನವಾದರೆ ಅದೂ ನಿಧಾನ, ಓಡಿದರೆ ಅದೂ ಓಟ. ಪಕ್ಕದ ಮನೆಯಲ್ಲಿ ಹೊಲಿಗೆ ಯಂತ್ರ ನಡೆದ ಹಾಗೆ.

ಕಿವಿಯ ವಿಷಯದಲ್ಲಿ ನಾನೂ ಕಡಿಮೆಯವಳಲ್ಲ. ಕರಜಗಿಯಲ್ಲಿ ಸಂಜೆ ದನ ಬರುವ ಹೊತ್ತಿಗೆ ಒಲೆಯ ಮುಂದೆ ಕೂತೇ ಕೊರಳಗಂಟೆಗಳ ಸದ್ದಿನ ಮೇಲೆ ಯಾವ ಎಮ್ಮೆ ಹಿಂದೆ ಉಳಿದಿದೆ, ಯಾವ ಎತ್ತು ಕುಂಟುತ್ತಿದೆ ಎಂದು ಹೇಳುತ್ತಿದ್ದೆ. ಹಾಗಾಗಿ ನನಗೆ ಮೊದಲು ಅನಿಸಿದ್ದು, ಇಷ್ಟು ಜೋರಾಗಿ ಕುಂಟುತ್ತಿರುವ ಇಂಜಿನ್ನನ್ನು ಕಿವಿಗೆ ಹೆಸರಾದ ಈ ಮಾವ ಹೇಗೆ ಸುಮ್ಮನೆ ಓಡಿಸುತ್ತಿದ್ದಾರೆ ಎಂದು. ಅವರು ಆರಾಮಾಗಿ ಹೊಲಗಳನ್ನು ನೋಡುತ್ತ ಹೊರಟಿದ್ದರು.

ಆಗ ಹಿಂದಿನಿಂದ ಎಸ್ಟಿ ಬಸ್ಸೊಂದು ಹಾರ್ನ್ ಹೊಡೆಯತೊಡಗಿತು. ಮಾವ ದಾರಿ ಬಿಡಲಿಲ್ಲ. ಅತ್ತೆಯ ಕೈ ಮೆಲ್ಲಗೆ ಸರಿದು ಮಾವನ ಮೊಣಕಾಲಿನ ಮೇಲೆ ಕೂತಿತು, ಬೆರಳು ಒಂದು ಸಲ ಒತ್ತಿದವು. ಕಾರು ಎಡಕ್ಕೆ ಸರಿಯಿತು. ನಾನು ನಾಚಿ ಕಿಟಕಿಯ ಹೊರಗೆ ಮುಖ ತಿರುಗಿಸಿದೆ. ಈ ವಯಸ್ಸಿನಲ್ಲಿ, ಅದೂ ಸೊಸೆಯ ಮುಂದೆ, ಇವರದೇನು ಸರಸ ಎಂದುಕೊಂಡೆ. ಮುಂದೆ ಅಡ್ಡದಾರಿಯಿಂದ ಎತ್ತಿನ ಚಕ್ಕಡಿಯೊಂದು ಗಂಟೆ ಬಾರಿಸುತ್ತ ಬಂದಾಗ ಬೆರಳು ಎರಡು ಸಲ ಒತ್ತಿದವು, ಕಾರು ನಿಧಾನವಾಯಿತು. ಅಕ್ಕಲಕೋಟೆ ಮುಟ್ಟುವವರೆಗೆ ನಾನು ದೇವರನ್ನು ನೆನೆಯಲಿಲ್ಲ, ಆ ಕೈಯನ್ನೇ ನೋಡುತ್ತಿದ್ದೆ.

ತಿರುಗಿ ಬರುವಾಗ ಪರೀಕ್ಷೆ ಮಾಡದೆ ಇರಲಾಗಲಿಲ್ಲ. "ಮಾವಾರ, ಗಾಡಿ ನಿಲ್ಲಸ್ರಿ" ಎಂದು ಗಟ್ಟಿಯಾಗಿಯೇ ಅಂದೆ. ಗಾಡಿ ನಿಲ್ಲಲಿಲ್ಲ. ಮಾವನ ಕತ್ತು ಕೂಡ ಅಲುಗಲಿಲ್ಲ. ಅತ್ತೆ ಮಾತ್ರ ಬೆಚ್ಚಿ ತಿರುಗಿ ನನ್ನ ಮುಖ ನೋಡಿದರು, ಬಾಯಿಯ ಮೇಲೆ ಬೆರಳಿಟ್ಟರು.

ಮನೆಗೆ ಬಂದು ಭಕ್ರಿ ಬಡಿಯುತ್ತ ಅತ್ತೆ ಎಲ್ಲ ಹೇಳಿದರು. "ಹತ್ತು ವರ್ಷ ಆತು. ಮಗ್ಗದ ಆವಾಜ ಅವರ ಕಿವಿ ತಿಂದಬಿಟ್ಟದ. ಯಾರಿಗೂ ಗೊತ್ತಿಲ್ಲ. ನಿನ್ನ ಗಂಡಗೂ ಗೊತ್ತಿಲ್ಲ."

"ಮತ್ತ ಮಗ್ಗ ಹೆಂಗ ರಿಪೇರಿ ಮಾಡ್ತಾರ್ರೀ?"

"ಕೈ ಇಟ್ಟು ನೋಡ್ತಾರ. ಮಂದಿ ಕಿವಿ ಅಂತಾರ, ಖರೇ ಅಂದ್ರ ಕೈ. ಮಾತು ತುಟಿ ನೋಡಿ ತಿಳಕೋತಾರ. ಶೆಡ್ಡಿನ್ಯಾಗ ಎಲ್ಲಾರೂ ಹಂಗೇ ಮಾತಾಡ್ತಾರಲ್ಲ, ಅದಕ್ಕ ಯಾರಿಗೂ ಸಂಶಯ ಬಂದಿಲ್ಲ." ಅತ್ತೆ ಭಕ್ರಿಯನ್ನು ಹಂಚಿಗೆ ಹಾಕಿ ನನ್ನ ಕಡೆ ನೋಡಿದರು. "ನಮ್ಮೆಲ್ಲಾರ ಮಾತು ತಿಳೀತದ. ನಿನ್ನದೊಂದೇ ತಿಳಿಯೂದಿಲ್ಲ. ನೀ ಸೆರಗ ಹೊತ್ತು ನೆಲ ನೋಡಿ ಮಾತಾಡ್ತಿ. ಅವರಿಗೆ ನಿನ್ನ ಬಾಯೇ ಕಾಣಸೂದಿಲ್ಲ."

ಹಿಟ್ಟು ಕಲಸುತ್ತಿದ್ದ ನನ್ನ ಕೈ ನಿಂತುಹೋಯಿತು. ನಡುಮನೆಯ ಬಾಗಿಲು, ಒಂದು ಗಳಿಗೆ ನಿಂತ ಮಾವ, ಎಲ್ಲ ಕಣ್ಣ ಮುಂದೆ ಬಂತು. ಒಂದು ವರ್ಷ ಹಲ್ಲು ಕಡಿದದ್ದು ಯಾರ ಮೇಲೆ ಎಂದು ನಾಚಿಕೆಯಾಯಿತು. ಜೊತೆಗೆ ಹೆದರಿಕೆಯೂ ಆಯಿತು, ಇಂಥವರು ಓಡಿಸುವ ಕಾರಿನಲ್ಲಿ ನಾವು ಹೋಗಿ ಬಂದೆವಲ್ಲ ಎಂದು.

ಅಷ್ಟರಲ್ಲಿ ನಮ್ಮವರಿಗೂ ಆ ಸದ್ದು ಗೊತ್ತಾಗಿತ್ತು. ಶುಕ್ರವಾರ ಕಾರನ್ನು ಒಬ್ಬ ಮಿಸ್ತ್ರಿಯ ಹತ್ತಿರ ಒಯ್ದರು. ಅವನು ಬಾನೆಟ್ಟನ್ನೂ ಸರಿಯಾಗಿ ಎತ್ತದೆ, ಕೆಳಗಿನ ಬೇರಿಂಗು ಹೋಗಿದೆ, ಇಡೀ ಇಂಜಿನ್ನು ಇಳಿಸಬೇಕು ಎಂದನಂತೆ. ಸಂಜೆ ಊಟಕ್ಕೆ ಕೂತಾಗ ನಮ್ಮವರು ಮಾವನಿಗೆ ಹೇಳಿದರು: "ಅಪ್ಪಾ, ಗಾಡಿ ವಿಕ್ರಿ ಮಾಡೂಣು. ರವಿವಾರ ಒಬ್ಬ ಗಿರಾಕಿ ನೋಡಾಕ ಬರ್ತಾನ. ಹಂಗೇ ಆವಾಜ ಮಾಡ್ತಾ ಇದ್ದರೂ ತಗೋತೀನಿ ಅಂದಾನ."

"ನನ್ನ ಗಾಡ್ಯಾಗ ಯಾವ ಆವಾಜೂ ಇಲ್ಲ" ಎಂದರು ಮಾವ.

"ಇಡೀ ಓಣಿಗೆ ಕೇಳಸ್ತದ, ನಿಮಗ ಕೇಳಸೂದಿಲ್ಲೇನು?"

ಮಾವನ ಮುಖ ಗಂಟಾಯಿತು. ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದರು. ಮುದುಕರ ಹಟ ಎಂದರು ನಮ್ಮವರು. ಅತ್ತೆ ನನ್ನ ಕಡೆ ನೋಡಿದರು, ನಾನು ಅತ್ತೆಯ ಕಡೆ. ಆಮೇಲೆ ಪಾತ್ರೆ ತೊಳೆಯುವಾಗ ಅತ್ತೆ ಅಂದರು: "ಗಾಡಿ ಹೋತಂದ್ರ ಅವರು ಮನಿ ಬಿಟ್ಟು ಹೊರಗ ಬರೂದಿಲ್ಲ ನೋಡು. ಬಸ್ಸಿನ್ಯಾಗ ಕಂಡಕ್ಟರ್ ಹಿಂದಿನಿಂದ ಕೇಳಿದ್ದು ತಿಳಿಯೂದಿಲ್ಲ, ಬಜಾರದಾಗ ಯಾರ ಕರದದ್ದೂ ತಿಳಿಯೂದಿಲ್ಲ. ಮಂದಿ ನಗ್ತಾರಂತ ಅಂಜಿಕಿ. ಗಾಡ್ಯಾಗ ನಾ ಮಗ್ಗಲದಾಗ ಇರ್ತೀನಿ, ಅದಕ್ಕ ಹೊರಗ ಬೀಳ್ತಾರ." ಅತ್ತೆ ತಿಕ್ಕಿದ ತಟ್ಟೆಯನ್ನೇ ಮತ್ತೆ ತಿಕ್ಕಿದರು. ಅವರು ಅಳುವ ಹೆಂಗಸಲ್ಲ, ಅಳಲೂ ಇಲ್ಲ. ಆದರೆ ನನಗೆ ಸಂಕಟವಾಯಿತು.

ಶನಿವಾರ ಮಧ್ಯಾಹ್ನ ಕರೆಂಟು ಹೋಯಿತು. ಹನ್ನೆರಡೂ ಮಗ್ಗ ನಿಂತವು. ಆಳುಗಳು ಚಹಾಕ್ಕೆ ಹೋದರು, ನಮ್ಮವರು ನಮ್ಮ ಚಾದರದ ಅಂಗಡಿಯಲ್ಲಿದ್ದರು. ಅಂಗಳದಲ್ಲಿ ಮಾವ ಬಾನೆಟ್ಟು ಎತ್ತಿ, ನಟ್ಟು ಬಿಚ್ಚುವ ಪಾನಾಗಳನ್ನು ಒಂದು ಗೋಣಿಚೀಲದ ಮೇಲೆ ಸಾಲಾಗಿ ಇಟ್ಟುಕೊಂಡು ನಿಂತಿದ್ದರು. ಕೇಳದ ಸದ್ದನ್ನು ಹುಡುಕಲು ಹೊರಟಿದ್ದರು. ಅತ್ತೆ ಹೋಗಿ ಹತ್ತಿರ ನಿಂತು, ಸ್ವಲ್ಪ ಹೊತ್ತಿಗೆ ತಲೆಯಾಡಿಸುತ್ತ ಒಳಗೆ ಬಂದರು. "ನನಗ ಬರೇ ಇಂಜಿನ್ ಧಡಧಡ ಅನ್ನೂದು ಕೇಳಸ್ತದ, ಅದರಾಗ ಯಾವ ಟಕಟಕ ಎಲ್ಲಿಂದ ಅಂತ ಏನ್ ತಿಳೀತದ? ನೀ ಹೋಗು. ನಿನ್ನ ಕಿವಿ ಚುರುಕ ಅದ."

ನಾನು ಸೆರಗು ಸರಿಮಾಡಿಕೊಂಡು ಹೋಗಿ ನಾಲ್ಕು ಮಾರು ದೂರ ನಿಂತೆ. ಮಾವ ನನ್ನನ್ನು ನೋಡಿ ಮತ್ತೆ ಇಂಜಿನ್ನಿನ ಕಡೆ ಬಗ್ಗಿದರು. ಇಂಜಿನ್ನು ಚಾಲೂ ಇತ್ತು. ಅವರು ಶೆಡ್ಡಿನಿಂದ ತಂದ ಒಂದು ಉದ್ದನೆಯ ಕಟ್ಟಿಗೆ ಕೋಲಿನ ಒಂದು ತುದಿಯನ್ನು ಇಂಜಿನ್ನಿಗೆ ಆನಿಸಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರು. ಮಗ್ಗದ ಒಳಗಿನ ಸದ್ದನ್ನು ಅವರು ಹೀಗೇ ಹಿಡಿಯುತ್ತಿದ್ದರೆಂದು ಆಮೇಲೆ ತಿಳಿಯಿತು. ಕಿವಿಗೆ ಬಾರದ್ದು ಎಲುಬಿನಲ್ಲಿ ಬರುತ್ತಿತ್ತು. ಮೊದಲು ಕೆಳಗೆ ಆನಿಸಿದರು, ಕಣ್ಣು ಮುಚ್ಚಿ ಬಹಳ ಹೊತ್ತು. ಆಮೇಲೆ ನಡುವೆ. ಆಮೇಲೆ ಮೇಲಿನ ತಗಡಿನ ಮುಚ್ಚಳಕ್ಕೆ ಆನಿಸಿದ್ದೇ ತಡ ಕಣ್ಣು ತೆರೆದವು.

"ಮ್ಯಾಲ ಅದ" ಎಂದರು ತಮ್ಮಷ್ಟಕ್ಕೆ. "ಕೆಳಗ ಏನೂ ಇಲ್ಲ. ಬೇರಿಂಗ್ ಬರೋಬ್ಬರಿ ಅದ."

ಅವರ ಮುಖದಲ್ಲಿ ಆಗ ಬಂದ ಕಳೆಯನ್ನು ನಾನು ಮರೆತಿಲ್ಲ. ಉಳಿದವರೆಲ್ಲ ಕೇಳಿದ್ದನ್ನು ಅವರು ಅವತ್ತು ಮೊದಲ ಸಲ ಕೇಳಿದ್ದರು. ಸದ್ದು ಇದೆ ಎಂದು ತಿಳಿದು ಒಬ್ಬ ಮನುಷ್ಯ ಅಷ್ಟು ಖುಷಿಯಾದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಮುಚ್ಚಳ ಬಿಚ್ಚಿದರು. ಅದರ ಕೆಳಗೆ ಒಂದು ಟೊಳ್ಳು ದಂಡ, ದಂಡಕ್ಕೆ ಪೋಣಿಸಿದ ಎಂಟು ಗಿಡ್ಡ ಕಬ್ಬಿಣದ ತೋಳುಗಳು. ಒಂದೊಂದು ತೋಳು ಒಂದೊಂದು ವಾಲ್ವನ್ನು ಒತ್ತಿ ಬಿಡುತ್ತದೆ. ತೋಳಿಗೂ ವಾಲ್ವಿಗೂ ನಡುವೆ ತೀರಾ ಸಣ್ಣ ಸಂದು ಇರಬೇಕು. ಸಂದು ಹೆಚ್ಚಾದರೆ ತೋಳು ಬಡಿಯುತ್ತದೆ. ಮಾವ ಸಂದು ಅಳೆಯುವ ಗೇಜಿನ ತೆಳ್ಳನೆಯ ಉಕ್ಕಿನ ಎಲೆಯನ್ನು ಒಂದೊಂದೇ ಸಂದಿನಲ್ಲಿ ತೂರಿಸಿ ನೋಡಿದರು. ಎಂಟೂ ಸರಿಯಾಗಿದ್ದವು. ಅವರು ಹುಬ್ಬು ಗಂಟಿಕ್ಕಿದರು. ಮತ್ತೆ ಇಂಜಿನ್ನು ಚಾಲೂ ಮಾಡಿ, ಓಡುತ್ತಿರುವಾಗಲೇ ಒಂದೊಂದು ಸಂದಿಗೆ ಗೇಜು ತೂರಿಸತೊಡಗಿದರು. ಬಡಿಯುವ ತೋಳಿನ ಕೆಳಗೆ ಎಲೆ ಹೋದರೆ ಸದ್ದು ನಿಲ್ಲಬೇಕು. ಆದರೆ ನಿಂತದ್ದು ಅವರಿಗೆ ಹೇಗೆ ತಿಳಿಯಬೇಕು? ಎಂಟು ತೋಳೂ ಕುಣಿಯುತ್ತಿರುವಾಗ ಕೋಲಿನಲ್ಲಿ ಎಲ್ಲ ಒಂದೇ ನಡುಕ.

ಹಿಂದಿನಿಂದ ಎರಡನೆಯ ಸಂದಿಗೆ ಗೇಜು ಹೋದಾಗ ಟಕಟಕ ನಿಂತಿತು. ನಾನು ಸೆರಗಿನೊಳಗಿಂದ "ಅದೇ ನೋಡ್ರಿ ಮಾವಾರ" ಎಂದೆ. ಅವರು ಗೇಜು ತೆಗೆದು ಮುಂದಿನದಕ್ಕೆ ಹೋದರು. ಸದ್ದು ಮತ್ತೆ ಶುರು. "ಮಾವಾರ, ಅದರ ಹಿಂದಿನದು" ಎಂದೆ, ಇನ್ನೂ ಸ್ವಲ್ಪ ಗಟ್ಟಿಯಾಗಿ. ಅವರು ತಿರುಗಿಯೂ ನೋಡಲಿಲ್ಲ. ಎಂಟೂ ಮುಗಿಸಿ, ಗೇಜನ್ನು ಗೋಣಿಚೀಲದ ಮೇಲೆ ಎಸೆದು, ಬೆವರು ಒರೆಸಿಕೊಂಡು ಸುಮ್ಮನೆ ನಿಂತುಬಿಟ್ಟರು. ನಾಳೆ ಗಿರಾಕಿ ಬರುತ್ತಾನೆ ಎನ್ನುವುದು ಆ ನಿಂತ ರೀತಿಯಲ್ಲೇ ಕಾಣುತ್ತಿತ್ತು.

ನನಗೆ ಸಿಟ್ಟು ಬಂತು. ಮಾವನ ಮೇಲಲ್ಲ, ನನ್ನ ತಲೆಯ ಮೇಲಿನ ಒಂದು ಗೇಣು ಬಟ್ಟೆಯ ಮೇಲೆ. ಸೆರಗನ್ನು ಹೆಗಲಿಗೆ ಎಳೆದುಹಾಕಿ, ನಡೆದುಹೋಗಿ ಇಂಜಿನ್ನಿನ ಆ ಬದಿಗೆ ಅವರ ಎದುರಿಗೇ ನಿಂತೆ. ಗದ್ದ ಎತ್ತಿ, ತುಟಿ ಬಿಡಿಸಿ ಬಿಡಿಸಿ, ದನಿಯನ್ನೇ ಹೊರಡಿಸದೆ ಹೇಳಿದೆ: "ಹಿಂದಿನಿಂದ. ಎರಡನೇದು."

ಮಾವ ನನ್ನ ಮುಖ ನೋಡಿದರು. ಒಂದು ವರ್ಷದಿಂದ ಅವರ ಮನೆಯಲ್ಲೇ ಇದ್ದೆ, ನನ್ನ ಮುಖವನ್ನು ಅವರು ಸರಿಯಾಗಿ ನೋಡಿದ್ದು ಅವತ್ತೇ ಇರಬೇಕು. ನನ್ನ ತುಟಿ ನೋಡಿದರು, ಮತ್ತೆ ಕಣ್ಣು ನೋಡಿದರು. ನನಗೆ ಗೊತ್ತಿದೆ ಎಂದು ಅವರಿಗೆ ಗೊತ್ತಾಯಿತು.

"ಖಾತ್ರಿ ಅದ ಏನವ್ವಾ?" ಎಂದರು.

"ಖಾತ್ರಿ ಅದರಿ."

ಗೇಜು ಮತ್ತೆ ಆ ಸಂದಿಗೆ ಹೋಯಿತು. ನಾನು ಅಂಗೈ ಚಪ್ಪಟೆ ಮಾಡಿ ತೋರಿಸಿದೆ. ಮಗ್ಗ ನಿಲ್ಲಿಸು ಎನ್ನುವುದಕ್ಕೆ ಶೆಡ್ಡಿನವರು ಮಾಡುವ ಸನ್ನೆ ಅದು, ಕಿಟಕಿಯಿಂದ ನೋಡಿ ಕಲಿತಿದ್ದೆ. ಗೇಜು ತೆಗೆದರು, ನಾನು ಬೆರಳು ಕುಣಿಸಿದೆ. ಹಾಕಿದರು, ಅಂಗೈ. ಮೂರು ಸಲ ಹೀಗಾಯಿತು. ಮೂರನೆಯ ಸಲ ಮಾವ ನಕ್ಕರು.

ಇಂಜಿನ್ನು ಬಂದ್ ಮಾಡಿ ಆ ತೋಳನ್ನು ನೋಡತೊಡಗಿದರು. ಗೇಜು ಸರಿ ತೋರಿಸುತ್ತಿದೆ, ಆದರೂ ಬಡಿಯುತ್ತಿದೆ, ಹೇಗೆ? ಉಗುರಿನಿಂದ ತೋಳಿನ ತುದಿಯನ್ನು ಸವರಿದರು. "ಇಲ್ಲಿ ಬೆರಳಿಡು" ಎಂದರು. ಇಟ್ಟೆ. ತುದಿಯಲ್ಲಿ ಸಣ್ಣ ಗುಳಿ ಬಿದ್ದಿತ್ತು. ಗೇಜಿನ ಎಲೆ ಗುಳಿಯ ಮೇಲೆ ಅಡ್ಡ ಕೂತು ಎಲ್ಲ ಸರಿ ಎಂದು ಸುಳ್ಳು ಹೇಳುತ್ತಿತ್ತು. ಸಂದು ಮಾತ್ರ ಗುಳಿಯಷ್ಟು ಹೆಚ್ಚಾಗಿತ್ತು. ಸವೆದದ್ದು ಯಾಕೆಂದು ನೋಡಿದರೆ ಮುಂದಿನ ತೋಳುಗಳೆಲ್ಲ ಎಣ್ಣೆಯಲ್ಲಿ ತೊಯ್ದಿದ್ದವು, ಹಿಂದಿನ ಎರಡು ಒಣಗಿದ್ದವು. ಟೊಳ್ಳು ದಂಡದೊಳಗಿಂದ ಎಣ್ಣೆ ಅಲ್ಲಿಯವರೆಗೆ ಹೋಗುತ್ತಲೇ ಇರಲಿಲ್ಲ.

ದಂಡವನ್ನು ಬಿಚ್ಚಿ ತುದಿಯ ಬಿರಡೆ ತೆಗೆದು, ನನ್ನಿಂದ ಅತ್ತೆಯ ಹೆಣಿಗೆ ಸೂಜಿ ತರಿಸಿ ಒಳಗೆ ಚುಚ್ಚಿ ಎಳೆದರು. ಕರ್ರಗಿನ ಒಂದು ಮುದ್ದೆ ಹೊರಗೆ ಬಂತು. ಅದನ್ನು ಬಟ್ಟಲಿನ ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿದರು. ಕಪ್ಪು ಬಿಟ್ಟಿತು, ನೀಲಿ ಕಂಡಿತು. ನೀಲಿ ನೂಲು. ಉಗಾದಿಯ ಹೊತ್ತಿಗೆ ನಮ್ಮ ಶೆಡ್ಡಿನಲ್ಲಿ ನೀಲಿ ಅಂಚಿನ ಚಾದರ ನೇಯುತ್ತಿದ್ದರು. ಆಗಲೇ ಮಾವ ಇಂಜಿನ್ನಿನ ತಲೆ ಬಿಚ್ಚಿ ಸ್ವಚ್ಛ ಮಾಡಿದ್ದರು.

ನಮ್ಮ ಮನೆಯಲ್ಲಿ ಎಲ್ಲವನ್ನೂ ಒರೆಸುವುದು ವೇಸ್ಟು ನೂಲಿನಿಂದಲೇ. ಮಗ್ಗ, ಕೈ, ಲಾಟೀನಿನ ಗಾಜು, ಮೂಗು ಸೋರುವ ಮಗುವಿದ್ದರೆ ಅದನ್ನೂ. ಬೇರೆ ಊರಿನ ಮನುಷ್ಯನಾದರೆ ಹಳೆಯ ಧೋತರ ಹರಿದು ಒರೆಸುತ್ತಿದ್ದ. ಮಾವ ನೂಲಿನ ಮುದ್ದೆಯನ್ನು ತಂತಿಗೆ ಸಿಕ್ಕಿಸಿ ದಂಡದೊಳಗೆ ಎಳೆದಿದ್ದರು, ಅರ್ಧ ಅಲ್ಲೇ ಉಳಿದಿತ್ತು.

"ಮಿಸ್ತ್ರಿ ಅಲ್ಲ, ಬೇರಿಂಗ್ ಅಲ್ಲ" ಎಂದರು ಮಾವ, ಆ ನೀಲಿ ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ. "ನನ್ನ ಕೈಲೇ ಆಗ್ಯದ ಇದು."

ತೋಳಿನ ತುದಿಯನ್ನು ಸಾಣೆಕಲ್ಲಿನ ಮೇಲೆ ತಿಕ್ಕಿ ಗುಳಿ ಹೋಗಿಸಲು ಒಂದು ತಾಸು ಬೇಕಾಯಿತು. ಅವರು ತಿಕ್ಕುವುದು, ನಾನು ಬೆರಳಿಟ್ಟು ಇನ್ನೂ ಇದೆ ಎನ್ನುವುದು. ದಂಡಕ್ಕೆ ಎಣ್ಣೆ ಹುಯ್ದು ಎಲ್ಲ ತೂತಿನಿಂದಲೂ ಹನಿಯುತ್ತದೆಯೇ ಎಂದು ನೋಡಿ, ಎಲ್ಲ ಜೋಡಿಸಿ, ಸಂದುಗಳನ್ನು ಹೊಸದಾಗಿ ಇಟ್ಟರು. ಮಾವ ಕಾರಿನೊಳಗೆ ಕೂತು ಇಂಜಿನ್ನು ಚಾಲೂ ಮಾಡಿದರು. ಸರಿಯಾಗಿ ಅದೇ ಗಳಿಗೆಗೆ ಕರೆಂಟು ಬಂತು. ಚಹಾದಿಂದ ಬಂದು ಕೂತಿದ್ದ ಆಳುಗಳು ಎದ್ದರು, ಹನ್ನೆರಡು ಮಗ್ಗಗಳೂ ಒಟ್ಟಿಗೆ ಶುರುವಾದವು. ಇನ್ನು ಇಂಜಿನ್ನಿನ ಸದ್ದೂ ಇಲ್ಲ, ಟಕಟಕವೂ ಇಲ್ಲ, ನನ್ನ ಚುರುಕು ಕಿವಿಯೂ ಇಲ್ಲ. ನಾನು ಕೈಯಾಡಿಸಿ, ಕೇಳಿಸುತ್ತಿಲ್ಲ ಎಂದೆ.

ಮಾವ ಇಳಿದು ಬಂದು ಕೋಲನ್ನು ನನ್ನ ಕೈಗೆ ಕೊಟ್ಟರು. "ಕಚ್ಚು" ಎಂದು ಹಲ್ಲು ತೋರಿಸಿದರು.

ಕಚ್ಚಿದೆ. ತುದಿಯನ್ನು ಮುಚ್ಚಳಕ್ಕೆ ಆನಿಸಿದೆ. ಮಗ್ಗಗಳ ಗದ್ದಲದ ಒಳಗೆ, ನನ್ನ ದವಡೆಯಲ್ಲಿ, ತಲೆಬುರುಡೆಯಲ್ಲಿ ಇಂಜಿನ್ನು ಒಂದೇ ಸಮನೆ ನಡೆಯುತ್ತಿತ್ತು. ಎಲ್ಲೂ ಕುಂಟುತ್ತಿರಲಿಲ್ಲ. ಮಾವ ಹತ್ತು ವರ್ಷದಿಂದ ಹೀಗೆ ಕೇಳುತ್ತಿದ್ದರಲ್ಲ ಎಂದು ನನಗೆ ಅಳು ಬಂತು.

ಬಾಯಲ್ಲಿ ಕೋಲು, ಹೆಗಲ ಮೇಲೆ ಸೆರಗು, ಮೂಗಿನ ಮೇಲೆ ಗ್ರೀಸು, ಕಣ್ಣಲ್ಲಿ ನೀರು. ಆ ಅವತಾರದಲ್ಲಿ ನಾನಿರುವಾಗ ಅಂಗಳಕ್ಕೆ ಭಂಡಾರಕವಠೆಯಿಂದ ಮಾವನ ಅಕ್ಕ ಬಂದರು. ಬಸ್‌ಸ್ಟ್ಯಾಂಡಿನಿಂದ ಅವರನ್ನು ಕರೆತಂದ ನಮ್ಮವರು ಹಿಂದೆ. ಆಕೆಯ ಬಾಯಿಗೆ ನಮ್ಮ ಬಳಗದಲ್ಲಿ ಹೆದರದವರಿಲ್ಲ. ಚೀಲ ಕೆಳಗಿಟ್ಟು ನನ್ನ ಕಡೆ ಕೈ ಮಾಡಿ ಶುರುಮಾಡಿದರು. ಮಗ್ಗದ ಸದ್ದಿನಲ್ಲಿ ನನಗೆ ಒಂದಕ್ಷರವೂ ಕೇಳಿಸಲಿಲ್ಲ, ಆದರೆ ಬೈಗುಳ ತಿಳಿಯಲು ಅಕ್ಷರ ಬೇಕಿಲ್ಲ. ನಮ್ಮವರ ಮುಖ ಕೆಂಪಾಗಿತ್ತು. ನಾನು ಕೋಲು ಬಿಟ್ಟು, ಸೆರಗು ಎಳೆದುಕೊಂಡು, ನೆಲ ನೋಡಿದೆ.

ಮಾವನಿಗೆ ಮಾತ್ರ ಆಕೆಯ ಪ್ರತಿ ಮಾತೂ ತಿಳಿಯುತ್ತಿತ್ತು. ಅವರು ನಮ್ಮಿಬ್ಬರ ನಡುವೆ ಬಂದು ನಿಂತರು. ಹತ್ತು ವರ್ಷ ಹೆಂಡತಿಯ ಬೆರಳುಗಳ ಹಿಂದೆ ಮುಚ್ಚಿಟ್ಟುಕೊಂಡದ್ದನ್ನು ಹನ್ನೆರಡು ಮಗ್ಗಗಳ ಮೇಲೆ ಕೇಳುವ ಹಾಗೆ ಕೂಗಿ ಹೇಳಿದರು:

"ಅಕ್ಕಾ, ಆಕಿಗೆ ಏನೂ ಅನಬ್ಯಾಡ. ಸೆರಗ ತಗಿ, ಮಾರಿ ಎತ್ತಿ ಮಾತಾಡು ಅಂತ ನಾನೇ ಹೇಳೀನಿ. ನನಗ ಕಿವಿ ಕೇಳಸೂದಿಲ್ಲ."

ನಾನೇ ಹೇಳೀನಿ ಎನ್ನುವುದು ಶುದ್ಧ ಸುಳ್ಳು. ಉಳಿದದ್ದು ನಿಜ. ಶೆಡ್ಡಿನ ಬಾಗಿಲಿಗೆ ಬಂದ ಆಳುಗಳು ಒಂದೊಂದೇ ಮಗ್ಗ ನಿಲ್ಲಿಸಿದರು. ಅತ್ತೆ ಒಳಗಿನಿಂದ ಓಡಿ ಬಂದು ಕಂಬ ಹಿಡಿದು ನಿಂತರು.

ಮೊದಲು ಮಾತಾಡಿದ್ದು ಮಾವನ ಅಕ್ಕ. "ಹಂಗಾರ ಇಷ್ಟ ವರ್ಷ ನಾ ಬಂದಾಗೆಲ್ಲಾ ನಿನಗ ಬೈದದ್ದು ಕೇಳಸಿಲ್ಲೇನೋ?"

"ಕೇಳಸಿಲ್ಲಕ್ಕಾ. ಕಾಣಸ್ತಿತ್ತು" ಎಂದರು ಮಾವ.

ಮೊದಲು ನಕ್ಕದ್ದೂ ಆಕೆಯೇ. ನಕ್ಕು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಮ್ಮವರು ಅಪ್ಪನ ಎದುರಿಗೆ ಬಂದು ನಿಂತು, ಗಿರಾಕಿಗೆ ಬರಬೇಡ ಎಂದು ಹೇಳಿ ಕಳಿಸುತ್ತೇನೆ ಎಂದರು. "ಆದ್ರ ಅಪ್ಪಾ, ಇನ್ನ ನೀವು ಒಬ್ಬರೇ ಗಾಡಿ ಹೊಡೀಬ್ಯಾಡ್ರಿ."

"ನಾ ಎಂದೂ ಒಬ್ಬನೇ ಹೊಡದಿಲ್ಲ" ಎಂದು ಮಾವ ಅತ್ತೆಯ ಕಡೆ ನೋಡಿದರು. ಅತ್ತೆ ಒಲೆಯ ನೆಪ ಮಾಡಿ ಒಳಗೆ ಹೋದರು. ಆ ಚಳಿಗಾಲದಲ್ಲಿ ಮಾವ ನನಗೆ ಸ್ಟೇರಿಂಗ್ ಹಿಡಿಯಲು ಕಲಿಸಿದರು. ಕಲಿತ ಮೇಲೆ ಓಡಿಸುವವಳು ನಾನು, ಇಂಜಿನ್ನು ನೋಡಿಕೊಳ್ಳುವವರು ಅವರು ಎಂದಾಯಿತು. ಕಾರನ್ನು ಒರೆಸಲು ಅವರು ಮತ್ತೆಂದೂ ವೇಸ್ಟು ನೂಲು ಮುಟ್ಟಲಿಲ್ಲ.

ಆ ಶನಿವಾರ ಸಂಜೆಯೇ ಪಾನಾಗಳನ್ನು ಒರೆಸಿ ಪೆಟ್ಟಿಗೆಗೆ ಇಡುತ್ತಿದ್ದಾಗ ಮಾವ ನನ್ನನ್ನು ಕರೆದರು. ಎದುರಿಗೆ ಕೂರಲು ಹೇಳಿದರು.

"ಹ್ವಾದ ವರ್ಷ ಒಮ್ಮೆ ನಡುಮನಿ ಬಾಗಲದಾಗ ನಿಂತು ನೀ ಏನೋ ಕೇಳಿದ್ದಿ. ನನಗ ತಿಳೀಲಿಲ್ಲ. ತಿರುಗಿ ಕೇಳಿದ್ರ ಗುಟ್ಟು ಬೈಲಾಗ್ತದಂತ ಅಂಜಿ ಹೋಗಿಬಿಟ್ಟೆ. ಆವತ್ತಿನಿಂದ ಅದು ತಲ್ಯಾಗ ಅದ. ಏನ್ ಕೇಳಿದ್ದಿ ಅವ್ವಾ?"

ನಾನು ಮುಖ ಎತ್ತಿ ಹೇಳಿದೆ. ಅವರು ನನ್ನ ತುಟಿಯನ್ನು ಕೊನೆಯ ಮಾತಿನವರೆಗೂ ನೋಡಿದರು. ಕೈಯಲ್ಲಿದ್ದ ಪಾನಾವನ್ನು ಪೆಟ್ಟಿಗೆಯಲ್ಲಿ ಇಟ್ಟರು, ಮತ್ತೆ ತೆಗೆದರು, ಮತ್ತೆ ಇಟ್ಟರು. ಏನೂ ಹೇಳಲಿಲ್ಲ. ಆದರೆ ಆ ಸಲ ನನಗೆ ಸಿಟ್ಟು ಬರಲಿಲ್ಲ.

ಪಂಚಮಿಯ ಹಿಂದಿನ ದಿನ ಕಾರು ಅಕ್ಕಲಕೋಟೆಯಲ್ಲಿ ನಿಲ್ಲದೆ ಮುಂದೆ ಹೋಯಿತು. ನಾನು ಮುಂದಿನ ಸೀಟಿನಲ್ಲಿದ್ದೆ, ಅತ್ತೆಯೇ ಕೂರಿಸಿದ್ದರು. ಹಿಂದೆ ಲಾರಿ ಬಂದರೆ ಕೈ ತೋರಿಸುತ್ತಿದ್ದೆ. ಕರಜಗಿಯ ಅಗಸಿ ಬಾಗಿಲ ಹತ್ತಿರ ಕಾರು ನಿಂತಾಗ ಸದ್ದು ಕೇಳಿ ಅಣ್ಣ ಮನೆಯಿಂದ ಹೊರಗೆ ಬಂದ. ಮಾವ ಇಳಿದು ಅವನ ಎರಡೂ ಕೈ ಹಿಡಿದುಕೊಂಡರು.

"ಹ್ವಾದ ವರ್ಷ ನಿನ್ನ ತಂಗಿ ನನ್ನ ಕೇಳಿದ್ಲು. ನಾ ಕಿವುಡ ಇದ್ದೀನಿ, ನನಗ ಕೇಳಸಲಿಲ್ಲ. ನಿನ್ನ ಖಾಲಿ ಕೈಲೆ ಕಳಿಸಿದೆ. ತಪ್ಪಾತೋ ಅಪ್ಪಾ."

ಊರ ಜನ ಸುತ್ತ ನಿಂತಿದ್ದರು. ಹಿರಿಯ ಮನುಷ್ಯ ಹೀಗೆ ಅಂದದ್ದಕ್ಕೆ ಅಣ್ಣ ನಾಚಿ ಹಿಡಿಯಷ್ಟಾಗಿ, ತಲೆ ತಗ್ಗಿಸಿ, ನೆಲಕ್ಕೆ ಏನೋ ಗೊಣಗಿದ. ಮಾವ ಅವನ ನೆತ್ತಿಯನ್ನೇ ನೋಡುತ್ತ ಕಾಯುತ್ತಿದ್ದರು. ನಾನು ಹೋಗಿ ಅಣ್ಣನ ಗದ್ದ ಹಿಡಿದು ಮೇಲಕ್ಕೆತ್ತಿದೆ.

"ಮಾರಿ ಎತ್ತಿ ಮಾತಾಡಣ್ಣಾ" ಎಂದೆ. "ಅವರಿಗೆ ತಿಳೀತದ."